ಅದು ಅಕ್ಕಿಯಲ್ಲ ಮಾವ, ಟೈರು

ಮಾವ,

ನಿಮ್ಮ ಸೊಸೆ ಗಿರಿಜಾಳ ಶರಣು. ಹೇಗಿದ್ದೀರಿ ಅಂತ ಕೇಳುವ ಹಾಗಿಲ್ಲ, ಆದರೂ ಕೈ ತಾನಾಗಿ ಅದನ್ನೇ ಬರೆಯಹೊರಟಿತು. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಕಾರೂ ಚೆನ್ನಾಗಿದೆ. ನೀವು ಮೊದಲು ಯಾವುದನ್ನು ವಿಚಾರಿಸುತ್ತಿದ್ದಿರಿ ಅಂತ ನನಗೆ ಗೊತ್ತಿಲ್ಲವೇ?

ಮದುವೆಯಾಗಿ ಚಾಮರಾಜಪೇಟೆಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ನೀವು ಅಡುಗೆಮನೆ ಬಾಗಿಲಲ್ಲಿ ನಿಂತು ಕಾರಿನ ಕೀ ತೋರಿಸಿದ್ದಿರಿ. "ನಿನ್ನ ಗಂಡನಿಗೆ ಇದರ ಮೇಲೆ ಆಸೆ ಇಲ್ಲಮ್ಮ. ನೀನಾದ್ರೂ ಕಲಿ." ನನ್ನ ಗಂಡನಿಗಿಂತ ವಯಸ್ಸಾದ, ಕೆನೆ ಬಣ್ಣದ, ಸ್ಟೇರಿಂಗ್ ಪಕ್ಕದಲ್ಲೇ ಗೇರಿರುವ ಕಾರು ಅದು. ನನಗೆ ಆಗ ಸೈಕಲ್ ಕೂಡ ಸರಿಯಾಗಿ ಬರುತ್ತಿರಲಿಲ್ಲ. "ಕ್ಲಚ್ ಹಾಗೆ ಎತ್ತಿ ಬಿಸಾಕ್ಬೇಡ, ಮೂಟೆ ಇಳಿಸೋ ಹಾಗೆ ಮೆತ್ತಗೆ ಬಿಡು" ಅಂತ ಹೇಳಿಕೊಟ್ಟಿರಿ. ಮೂಟೆ ಇಳಿಸಿ ನನಗೇನು ಗೊತ್ತು? ಆದರೂ ಕಲಿತೆ. ಗಾಂಧಿ ಬಜಾರಿನ ಹೂವಿನ ಗಾಡಿಗಳ ನಡುವೆ ಮೊದಲ ಸಲ ಓಡಿಸಿದ ದಿನ ನೀವು ದೋಸೆ ಕೊಡಿಸಿದ್ದು, ನನಗಿಂತ ನಿಮಗೇ ಜಾಸ್ತಿ ಬೆವರು ಬಂದಿದ್ದು...

ಟೈರು ತಂದ ದಿನವೂ ನೆನಪಿದೆ. ಈ ಅಳತೆಯದು ಮುಂದೆ ಸಿಗುವುದಿಲ್ಲ ಅಂತ ಯಾರೋ ಹೆದರಿಸಿದ್ದಕ್ಕೆ ನಾಲ್ಕನ್ನೂ ಒಟ್ಟಿಗೇ ತಂದು, ನಿಮ್ಮ ಅಕ್ಕಿ ಅಂಗಡಿಯ ಗೋಣಿಚೀಲದಲ್ಲಿ ಸುತ್ತಿ, ಹಿಂದಿನ ಕೋಣೆಯ ಅಟ್ಟಕ್ಕೆ ಏರಿಸಿದಿರಿ. ಮೇಲೆ ಬಿಸಿಲಿಗೆ ಕಾಯುವ ತಗಡಿನ ಮಾಡು, ಕೆಳಗೆ ಕತ್ತೆತ್ತಿ ನೋಡುತ್ತಾ ನೀವು. "ಇರ್ಲಿ, ಈಗಿರೋದು ಪೂರ್ತಿ ಸವೀಲಿ" ಅಂದಿರಿ. ಅಕ್ಕಿಪೇಟೆಯಲ್ಲಿ ಅಷ್ಟು ವರ್ಷ ಅಕ್ಕಿ ಮಾರಿದವರು ನೀವು. ಹೊಸ ಅಕ್ಕಿ ಅಂಟುತ್ತೆ, ಹಳೇ ಅಕ್ಕಿ ಅರಳುತ್ತೆ, ಒಳ್ಳೇ ಮಾಲನ್ನ ಇಟ್ಟಷ್ಟೂ ಒಳ್ಳೇದು ಅಂತ ನಂಬಿದವರು. ಟೈರನ್ನೂ ಹಾಗೇ ಇಟ್ಟಿರಿ. ಆಮೇಲೆ ನೀವು ಕಾರು ತೆಗೆಯುವುದೇ ಕಡಿಮೆಯಾಯಿತು. ಹಳೆಯವು ಸವೆಯಲೇ ಇಲ್ಲ.

ನಿಮ್ಮ ವರ್ಷದ ಸ್ಮರಣೆ ಹತ್ತಿರ ಬಂದಾಗ ಅತ್ತೆ ಒಂದೇ ಒಂದು ಆಸೆ ಹೇಳಿದರು. ನೀವಿಬ್ಬರೂ ವರ್ಷಕ್ಕೊಮ್ಮೆ ಹೋಗುತ್ತಿದ್ದ ಶಿವಗಂಗೆಗೆ ಹೋಗಬೇಕು, ಅದೇ ಕಾರಿನಲ್ಲಿ. ಮಾವಳ್ಳಿಯಿಂದ ನಮ್ಮ ಮೆಕ್ಯಾನಿಕ್ ಅನ್ವರ್ ಬಂದು ನೋಡಿದರು. ಇಂಜಿನ್ ಪರವಾಗಿಲ್ಲ, ನಿಂತಲ್ಲೇ ನಿಂತು ಚಪ್ಪಟೆಯಾದ ಟೈರು ಮಾತ್ರ ಬದಲಾಯಿಸಲೇಬೇಕು ಅಂದರು. ಅತ್ತೆಯ ಮುಖ ಅರಳಿತು. "ಅಟ್ಟದ ಮೇಲೆ ಇದೆಯಲ್ಲ! ಅವರೇ ತಂದಿಟ್ಟಿದ್ದು." ಗೋಣಿ ಬಿಚ್ಚಿದರೆ ಟೈರು ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಹೊಸ ಟೈರಿನ ಮೇಲೆ ಇರುತ್ತಲ್ಲ, ಆ ರಬ್ಬರಿನ ಕೂದಲೂ ಉದುರಿರಲಿಲ್ಲ. ಅನ್ವರ್ ಕೂಡ ಹೊಸದೇ ಇದೆ ಮೇಡಂ ಅಂದುಬಿಟ್ಟರು.

ಹಳೇ ಕಾರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ನಿಮ್ಮ ಜಾಗಕ್ಕೆ ಈಗ ನನ್ನನ್ನು ಸೇರಿಸಿದ್ದಾರೆ, ಮಾವ. ಖುಷಿಯಲ್ಲಿ ಟೈರಿನ ಫೋಟೋ ಹಾಕಿದೆ. ಒಬ್ಬರು ಕೇಳಿದರು, "ತಯಾರಾದ ಇಸವಿ ನೋಡಿದ್ರಾ?" ಟೈರಿನ ಮಗ್ಗುಲಲ್ಲಿ ಮೊಟ್ಟೆಯಾಕಾರದ ಸಣ್ಣ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತಂತೆ. ಮೊದಲೆರಡು ವರ್ಷದ ಎಷ್ಟನೇ ವಾರ ಅನ್ನೋದು, ಕೊನೆಯೆರಡು ಇಸವಿ. ಒಂದೇ ಮಗ್ಗುಲಲ್ಲಿ ಇರುತ್ತೆ, ತಿರುಗಿಸಿ ನೋಡಿ ಅಂದರು. ತಿರುಗಿಸಿದೆ. ಕೊನೆಯಲ್ಲಿ ಸೊನ್ನೆ ಎಂಟು. ನಿಮ್ಮ ಮೊಮ್ಮಗಳು ಚಿನ್ಮಯಿಗಿಂತ ದೊಡ್ಡದು! ಅವಳು ಈಗ ಪಿಯುಸಿ. ರಸ್ತೆಗೆ ಇಳಿಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ, ಒಳಗೊಳಗೇ ಗಟ್ಟಿಯಾಗುತ್ತೆ, ಹತ್ತು ವರ್ಷ ದಾಟಿದ್ದನ್ನು ನೋಡಲು ಚೆನ್ನಾಗಿದ್ದರೂ ಹಾಕಬಾರದು ಅಂದರು. ಹೆದ್ದಾರಿಯಲ್ಲಿ ಸಿಡಿದರೆ?

ಇದನ್ನು ಅತ್ತೆಗೆ ಹೇಳಿದ್ದೇ ತಡ, ಹಿಡಿದ ಸೌಟು ಹಾಗೇ ನಿಂತಿತು. "ಅವರು ತಂದಿದ್ದು ಕೆಟ್ಟದ್ದು ಅಂತೀಯಾ?"

"ತಂದಾಗ ಒಳ್ಳೇದೇ ಅತ್ತೆ. ಇಟ್ಟು ಇಟ್ಟು..."

"ಹಾಗಾದ್ರೆ ನಾನು ಬರಲ್ಲ. ನೀವೇ ಹೋಗಿ."

ಎರಡು ದಿನ ಮನೆಯಲ್ಲಿ ಸರಿಯಾಗಿ ಮಾತಿಲ್ಲ. ಆ ಟೈರು ಅವರಿಗೆ ಬರೀ ಟೈರಾಗಿರಲಿಲ್ಲ, ಅದು ನನಗೆ ಗೊತ್ತಿತ್ತು. ನಿಮ್ಮ ಅಂಗಿಗಳನ್ನು ಯಾರಿಗೋ ಕೊಟ್ಟಾಗಲೂ ಅವರು ಏನೂ ಅಂದಿರಲಿಲ್ಲ. ಆದರೆ ಇದು ನೀವು ಮುಂದಕ್ಕೆ ಅಂತ ಎತ್ತಿಟ್ಟಿದ್ದು. ಕಾರು ಓಡಿಸುವವಳು ನಾನು, ಅದರಲ್ಲಿ ಕೂರುವವರು ಅವರು. ಏನು ಮಾಡಲಿ ಹೇಳಿ? ಕೊನೆಗೆ ಅನ್ವರ್‌ಗೆ ಹೇಳಿ ಅದರಲ್ಲಿ ಒಂದನ್ನು ಚಕ್ರಕ್ಕೆ ಹಾಕಿಸಿ, ಗಾಳಿ ತುಂಬಿಸಿ, ಕಾಂಪೌಂಡ್ ಗೋಡೆಗೆ ಒರಗಿಸಿದೆ. ನೋಡಿಯಾದ ಮೇಲೆ ಅವರೇ ಹೇಳಲಿ ಅಂತ.

ಮರುದಿನ ಬೆಳಿಗ್ಗೆ ಹೊರಗೆ ಬಂದಾಗ ಅತ್ತೆ ಆಗಲೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ರಂಗೋಲಿ ಬಟ್ಟಲು ಪಕ್ಕದಲ್ಲಿತ್ತು. ಗಾಳಿಯ ಒತ್ತಡಕ್ಕೆ ಟೈರಿನ ಮಗ್ಗುಲ ತುಂಬ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟಿತ್ತು. ಬೇಸಿಗೆಯ ಕೆರೆಯಂಗಳದ ಹಾಗೆ. ಅವರು ಅದರ ಮೇಲೆ ಬೆರಳಾಡಿಸಿದರು, ನಿಮ್ಮ ಕೈ ಸವರುತ್ತಿದ್ದರಲ್ಲ ಕೊನೆ ದಿನಗಳಲ್ಲಿ, ಹಾಗೆ. "ಪಾಪ, ಅವರಿಗೆ ಯಾರೂ ಹೇಳ್ಲಿಲ್ವಲ್ಲೇ" ಅಂದರು. ಆಮೇಲೆ ಎದ್ದು ಸೆರಗು ಕೊಡವಿಕೊಂಡು, "ಹೊಸದು ತರೋಣ. ಆದ್ರೆ ಇಸವಿ ನಾನು ನೋಡ್ಬೇಕು."

ಜೆ.ಸಿ. ರೋಡಿನ ಅಂಗಡಿಯಲ್ಲಿ ಅತ್ತೆಯನ್ನು ನೀವು ನೋಡಬೇಕಿತ್ತು! ನೀವು ಹೆದರಿದಷ್ಟೇನೂ ಇಲ್ಲ ಮಾವ, ನಾಲ್ಕು ಕಡೆ ಫೋನ್ ಮಾಡಿದರೆ ಅಳತೆ ಸಿಕ್ಕಿತು. ಅಂಗಡಿಯವರು, "ಫ್ರೆಶ್ ಸ್ಟಾಕ್ ಅಮ್ಮ, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದರು. ಅತ್ತೆ ಕನ್ನಡಕ ಏರಿಸಿದರು.

"ನಾವೂ ಅಕ್ಕಿಪೇಟೇಲಿ ಅಂಗಡಿ ಇಟ್ಟಿದ್ದವರೇ ಕಣಪ್ಪ. ಗಿರಾಕಿಗೆ ಏನೇನು ಹೇಳ್ತಿದ್ವಿ ಅಂತ ನಂಗೊತ್ತು. ಆ ಮಗ್ಗುಲು ತಿರುಗ್ಸು."

ಮೂರು ಈ ವರ್ಷದ್ದು. ಒಂದು ಮಾತ್ರ ಏಳು ವರ್ಷ ಹಳೇದು. ಅದನ್ನು ಅತ್ತೆ ಕಾಲಿನಿಂದಲೇ ಆಚೆ ತಳ್ಳಿದರು. ಅಂಗಡಿಯವರು ನಗುತ್ತಾ ಗೋಡೌನಿನಿಂದ ಬೇರೆ ತರಿಸಿದರು. ಮನೆಯಲ್ಲಿದ್ದ ನಿಮ್ಮ ನಾಲ್ಕನ್ನೂ ಯಾರೂ ಮತ್ತೆ ಮಾರದ ಹಾಗೆ ಅನ್ವರ್ ನಮ್ಮೆದುರೇ ಕೊಯ್ದುಹಾಕಿದರು. ಅತ್ತೆ ಒಳಗೆ ಹೋಗಲಿಲ್ಲ. ನಿಂತು ನೋಡಿದರು.

ಶಿವಗಂಗೆಗೆ ಹೋದ ದಿನ ಅತ್ತೆ ಎಂದಿನ ಹಾಗೆ ಹಿಂದಿನ ಸೀಟಿಗೆ ಹೋಗದೆ ನನ್ನ ಪಕ್ಕ ಕೂತರು. ನಾನು ನಿಧಾನಕ್ಕೇ ಓಡಿಸಿದೆ, ಲಾರಿಗಳಿಗೆಲ್ಲ ದಾರಿ ಬಿಟ್ಟೆ. ನೆಲಮಂಗಲ ದಾಟಿದ ಮೇಲಂತೂ ಅತ್ತೆ ಬಾಯಿ ಮುಚ್ಚಲಿಲ್ಲ. ಆ ಬಂಡೆ ಯಾವಾಗಿಂದ ಇದೆ, ಈ ಕೆರೆ ಯಾವುದು, ಬೆಟ್ಟ ಇಷ್ಟು ದೂರದಿಂದಲೇ ಕಾಣುತ್ತಾ... ನನಗೇ ಆಶ್ಚರ್ಯ. ವರ್ಷ ವರ್ಷ ಹೋಗಿಬಂದ ದಾರಿಯಲ್ಲವೇ?

"ಅತ್ತೆ, ಇವತ್ತು ನಿದ್ದೆ ಬರ್ಲಿಲ್ವಾ? ಮಾವ ಎಲ್ಲರ ಹತ್ರಾನೂ ಹೇಳ್ಕೊಂಡು ಬರ್ತಿದ್ರು. ‘ನಾನು ಓಡಿಸೋದು ಎಷ್ಟು ನಯ ಅಂದ್ರೆ ಇವಳು ಹತ್ತಿದ ತಕ್ಷಣ ನಿದ್ದೆ ಹೋಗ್ತಾಳೆ’ ಅಂತ."

ಅತ್ತೆ ಮೊದಲು ಹಿಂದಿನ ಸೀಟಿನ ಕಡೆ ತಿರುಗಿ ನೋಡಿದರು. ಆಮೇಲೆ, "ಯಾವ ನಿದ್ದೇನೇ? ಭಯಕ್ಕೆ ಕಣ್ಣು ಮುಚ್ಕೊಂಡು ಕೂತಿರ್ತಿದ್ದೆ. ಆ ಲಾರಿಗಳ ಸಂದಿಯಲ್ಲಿ ಹೇಗೆ ನುಗ್ಗಿಸ್ತಿದ್ರು ಗೊತ್ತಾ? ಮನೆ ಬರೋವರೆಗೂ ಒಳಗೊಳಗೇ ಓಂ ನಮಃ ಶಿವಾಯ."

"ಇಷ್ಟು ವರ್ಷ ಅವರಿಗೆ ಹೇಳ್ಲೇ ಇಲ್ವಾ?"

"ಹೇಗೆ ಹೇಳ್ಲಿ? ಒಂದ್ಸಲ ಸ್ವಲ್ಪ ಕಣ್ಣು ಬಿಟ್ಟು ನೋಡಿದೆ. ಕನ್ನಡೀಲಿ ನನ್ನೇ ನೋಡ್ಕೊಂಡು ಒಬ್ಬರೇ ನಗ್ತಿದ್ರು. ಏನೋ ದೊಡ್ಡದು ಗೆದ್ದವರ ಹಾಗೆ. ಮತ್ತೆ ಮುಚ್ಚಿಕೊಂಡೆ." ಕಿಟಕಿಯಾಚೆ ನೋಡುತ್ತಾ ಅವರೇ ಸೇರಿಸಿದರು, "ಅವರಿಗೆ ಮಾತ್ರ ಹೇಳ್ಬೇಡ ಕಣೇ. ಬೇಜಾರು ಮಾಡ್ಕೋತಾರೆ."

ಹೇಳಲ್ಲ ಅತ್ತೆ ಅಂದೆ. ಇಬ್ಬರೂ ಆ ಮಾತನ್ನು ಸರಿಪಡಿಸಲು ಹೋಗಲಿಲ್ಲ.

ಈಗ ಹೇಳಿಬಿಟ್ಟೆ ನೋಡಿ. ಬೇಜಾರು ಮಾಡ್ಕೋಬೇಡಿ ಮಾವ.

ನಿಮ್ಮ,
ಗಿರಿಜಾ