ರೇಷ್ಮೆಯ ಬೂದಿ

ಹುಣಸೂರು
೮ ಆಗಸ್ಟ್ ೧೯೭೯

ಕೇತಿ,

ಈ ಕಾಗದವನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳು ಸಿದ್ದಿ. ಐದನೇ ಕ್ಲಾಸಿನ ಹುಡುಗಿಗೆ ತೊಡಕಾಗದಿರಲಿ ಎಂದು ಸಣ್ಣ ಸಣ್ಣ ಮಾತಿನಲ್ಲಿ ಬರೆಯುತ್ತಿದ್ದೇನೆ. ಸಿದ್ದೀ, ನಿನ್ನ ಅವ್ವ ಸಾಕು ಎಂದರೆ ನಿಲ್ಲಿಸು, ಮಾರನೆಯ ದಿನ ಮುಂದಕ್ಕೆ ಓದು. ಪೂರ್ತಿ ಓದದೆ ಮಾತ್ರ ಎಸೆಯಬೇಡ.

ಹೋದ ತಿಂಗಳು ಬಿಳಿಕೆರೆಯಲ್ಲಿ ಬಸ್ಸಿಗೆ ನಿಂತಿದ್ದಾಗ ಹನ್ನೊಂದು ವರ್ಷದ ಮೇಲೆ ನಿನ್ನನ್ನು ಕಂಡೆ. ನಿನ್ನ ಬಲಗೈಯ ಎರಡು ಬೆರಳು ಕೊಕ್ಕೆಯಂತೆ ಬಾಗಿಯೇ ಇವೆ. ತಲೆ ತಗ್ಗಿಸಬೇಕಾದವಳು ನಾನು. ತಗ್ಗಿಸಿದವಳು ನೀನು. "ನಿಮ್ಮನೆ ರೇಸ್ಮೆ ಉಳಾನೆಲ್ಲ ಸಾಯಿಸ್ಬುಟ್ಟೆ ಕಣಕ್ಕ. ಈಗ್ಲೂವೆ ಕನ್ಸಲ್ಲಿ ಬತ್ತವೆ, ತಲೆ ಎತ್ಕಂಡು ನೋಡ್ತವೆ" ಎಂದೆ. ನಿಮ್ಮ ಕಾಡಂಚಿನ ಹಾಡಿಯ ಹತ್ತಿರ ಹುಳು ಸಾಕುವ ಮನೆಯಾಗಿದೆ, ಕೆಲಸಕ್ಕೆ ಕರೆದರೂ ಹೋಗಿಲ್ಲ ಎಂದು ನೀನೇ ಹೇಳಿದೆ. "ನನ್ ಕೈ ಸೋಕುದ್ರೆ ಸಾಯ್ತವೆ ಬುಡಿ. ನಮ್ ಸಿದ್ದೀನೂ ಆ ಕಡೆ ಕಳ್ಸಾಕಿಲ್ಲ." ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತಿಬಿಟ್ಟೆ. ಎರಡನೆಯ ಸಲವೂ ನಿನ್ನನ್ನು ಬಿಟ್ಟು ಓಡಿದೆ.

ಮನೆಯಲ್ಲಿ ನನ್ನ ಮೇಜಿನ ಮೇಲೆ ಒಂದು ಚೀಟಿ ಕಾಯುತ್ತಿತ್ತು. ನಮ್ಮ ಕಾಲೇಜಿನವರು ಕೆಲವರು ಸೇರಿ ಈ ಸೀಮೆಯ ಮಾತುಗಳ ಪದಕೋಶ ಮಾಡುತ್ತಿದ್ದೇವೆ. ಒಂದು ಮಾತಿಗೆ ಒಂದು ಚೀಟಿ. ನನ್ನ ಪಾಲಿಗೆ ಬಂದದ್ದು ರೇಷ್ಮೆ. ಬರೆದೆ: ಹುಳು ನೂಲುವ ಎಳೆ. ಆ ಎಳೆಯ ಬಟ್ಟೆ, ಪೂಜೆಗೂ ಮದುವೆಗೂ ಉಡುವುದು. ಮುಸುಕಿನ ಜೋಳದ ತುದಿಯ ಕೂದಲು. ನಯವಾದದ್ದು ಏನಿದ್ದರೂ ಅದು, ಕೂಸಿನ ತಲೆ, ಹೆಣ್ಣಿನ ಕೆನ್ನೆ, ಇಂಪಾದ ದನಿ. ಮೂವತ್ತು ವರ್ಷ ಕವಿತೆ ಓದಿದವಳಿಗೆ ಇದಕ್ಕೇನು ಬರ? ಗೂಡಿನೊಳಗೆ ಹುಳು ಬದುಕಿರುವಾಗಲೇ ಕುದಿವ ನೀರಿಗೆ ಹಾಕುತ್ತಾರೆಂಬುದನ್ನು ಯಾವ ಅರ್ಥದಲ್ಲಿ ಸೇರಿಸಬೇಕೋ ತಿಳಿಯಲಿಲ್ಲ. ಚೀಟಿಯ ಕೊನೆಗೆ 'ಬಳಕೆ' ಎಂದು ಒಂದು ಸಾಲು ಇರುತ್ತದೆ. ಯಾರು, ಯಾವಾಗ ಆಡಿದ ಮಾತು ಎಂದು ಅಲ್ಲಿ ಬರೆಯಬೇಕು. ಅಲ್ಲಿಗೆ ಬಂದಾಗ ನಿನ್ನ ಅವ್ವ ಮುತ್ತಿಯ ದನಿ ಕೇಳಿಸಿತು. ಪೆನ್ನು ಮುಚ್ಚಿದೆ.

ಅರವತ್ತೆಂಟರ ಆಷಾಢ ನಿನಗೆ ನೆನಪಿದೆ. ನಿನಗೆ ಗೊತ್ತಿಲ್ಲದ್ದನ್ನು ಮಾತ್ರ ಹೇಳುತ್ತೇನೆ.

ನನ್ನ ಅಣ್ಣ ಮಂಟಯ್ಯ ಎಂಟು ಎಕರೆಗೆ ಹೊಗೆಸೊಪ್ಪು ಹಾಕುತ್ತಿದ್ದವನು. ಮಗಳ ಧಾರೆಗೆ ಮನೆಯ ಗೂಡಿನದೇ ಸೀರೆ ನೇಯಿಸುತ್ತೇನೆಂದು ಆ ವರ್ಷ ಮೊದಲ ಸಲ ಹುಳು ತಂದ. ಹುಳುವಿನ ಮನೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ, ಪಕ್ಕದಲ್ಲಿ ಒಗ್ಗರಣೆ ಹಾಕುವಂತಿಲ್ಲ. ಬಾಣಂತಿಯನ್ನಂತೂ ಸೇರಿಸಬಾರದು ಎಂದು ಅತ್ತಿಗೆ ಸಾಕಮ್ಮ ಹಟ ಹಿಡಿದಿದ್ದಳು. ಆದರೆ ನಿನ್ನಷ್ಟು ಬೇಗ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೈ ಇನ್ನೊಂದಿರಲಿಲ್ಲ. ಮೂರು ತಿಂಗಳ ಸಿದ್ದಿಯನ್ನು ನೀನು ಕುಕ್ಕೆಯಲ್ಲಿ ಮಲಗಿಸಿ ಬಾಗಿಲ ಹೊರಗಿಡುತ್ತಿದ್ದೆ.

ನಾನು ಕಾಲು ಉಳುಕಿಸಿಕೊಂಡು ರಜೆಯ ಮೇಲೆ ಜಗಲಿಯಲ್ಲಿ ಕೂತಿದ್ದೆ. ಕೈಯಲ್ಲಿ ಕವಿತೆಯ ಪುಸ್ತಕ. ಗುರುತಿಗೆಂದು ಅದರೊಳಗೆ ಇಟ್ಟಿದ್ದದ್ದು, ಹುಳುವಿನ ಮೊಟ್ಟೆಯ ಜೊತೆ ಕೊಟ್ಟಿದ್ದ ಹಳದಿ ಹಾಳೆ. "ನೀನೇ ಓದಿಟ್ಕಳೇ, ಎಮ್ಮೆ ಪಂಡಿತೆ" ಎಂದು ಅಣ್ಣ ಅದನ್ನು ನನ್ನ ಮಡಿಲಿಗೆ ಎಸೆದಿದ್ದ. ನಾನು ಓದಿದ್ದೆ. ಹೊಗೆಸೊಪ್ಪಿನ ಹೊಲದ ಬದಿಯ ಹಿಪ್ಪುನೇರಳೆಯನ್ನು ಹುಳುವಿಗೆ ಹಾಕಬೇಡಿ, ಅದು ವಿಷ ಎಂದಿತ್ತು.

ಆ ದಿನ ನೀನು ಸೊಪ್ಪಿಗೆಂದು ಕಾಲುವೆಯಾಚೆಯ ತೋಟಕ್ಕೆ ಹೊರಟಿದ್ದೆ. ನಾನು ಆಗ ನಿನ್ನ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕಾಡಿನ ಗೆಡ್ಡೆಗಳ ಹೆಸರು ಅರ್ಧಕ್ಕೆ ನಿಂತಿತ್ತು. "ಅಷ್ಟು ದೂರ ಯಾಕೇ? ಬದುವಿನ ಎರಡು ಸಾಲು ಬಿಡಿಸಿಕೊಂಡು ಬೇಗ ಬಾ, ಬರೆಯೋದಿದೆ" ಎಂದೆ. ಆ ಬದುವಿನ ಆಚೆಯೇ ಹೊಗೆಸೊಪ್ಪು. ಹಳದಿ ಹಾಳೆ ನನ್ನ ತೊಡೆಯ ಮೇಲಿತ್ತು. ನನಗದು ನೆನಪಾಗಲೇ ಇಲ್ಲ.

ಹುಳುಗಳು ನಾಲ್ಕನೇ ಸಲ ಪೊರೆ ಕಳಚಿ, ನಾಲ್ಕನೇ ಜ್ವರ ಎದ್ದು ಬೆರಳುದ್ದ ಬೆಳೆದಿದ್ದವು. ಮಾರನೆಯ ಮಧ್ಯಾಹ್ನ ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ ಒದ್ದಾಡಿದವು. ಕಂದು ನೀರು ಕಕ್ಕಿದವು. ಮೈ ಮುದುಡಿ ಅರ್ಧವಾಯಿತು. "ಬಾಣಂತಿ ಆಲಿನ ವಾಸ್ನೆ ಬುಟ್ಟದಾ? ಬ್ಯಾಡ ಬ್ಯಾಡ ಅಂತ ಬಡ್ಕಂಡೆ" ಎಂದು ಅತ್ತಿಗೆ ಕೂಗಿದಳು.

ಅಣ್ಣ ನಿನ್ನ ಜಡೆ ಹಿಡಿದು ಅಂಗಳಕ್ಕೆ ಎಳೆದ. ಎಲೆ ಬಿಡಿಸಿದ ಹಸಿ ಕಡ್ಡಿ ಗಾಳಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ನಿನ್ನ ರವಿಕೆ ಹರಿಯಿತು. ಹಾಲೂ ರಕ್ತವೂ ಒಟ್ಟಿಗೆ ಇಳಿದದ್ದನ್ನು ನಾನು ನೋಡಿದೆ. ನಿನ್ನ ಗಂಡ ಮಾರನನ್ನು ಇಬ್ಬರು ಆಳುಗಳು ತೆಂಗಿನ ಮರಕ್ಕೆ ಒತ್ತಿ ಹಿಡಿದಿದ್ದರು. ಕುಕ್ಕೆಯಲ್ಲಿ ಸಿದ್ದಿ ಕಿರುಚುತ್ತಿದ್ದಳು. ಸೊಪ್ಪು ಕೊಚ್ಚುವ ಮಣೆಯನ್ನು ಅಣ್ಣ ಕಾಲಿನಿಂದ ತಳ್ಳಿದ. "ಯಾವ್ ಕೈಲಿ ಕುಯ್ದೆ? ಇಕ್ಕು ಇಲ್ಲಿ."

ಆಗ ನೀನು ನನ್ನ ಕಡೆ ನೋಡಿದೆ. ದೂರಲು ಅಲ್ಲ. ಆ ಸಾಲಿನಲ್ಲಿ ವಿಷವಿತ್ತೆಂದು ನಿನಗೆ ಗೊತ್ತೇ ಇರಲಿಲ್ಲ. ನಾನು ಬಿಡಿಸಿಕೊಳ್ಳಲಿ ಎಂದು ನೋಡಿದೆ. ನನಗೆ ಆ ಗಳಿಗೆಯಲ್ಲಿ ಹಳದಿ ಹಾಳೆ ನೆನಪಾಯಿತು ಕೇತಿ. ಅಕ್ಷರ ಅಕ್ಷರವೂ ನೆನಪಾಯಿತು. ಬಾಯಿ ತೆರೆದರೆ ಸಾಕಿತ್ತು. ಸೊಪ್ಪಿನ ಕತ್ತಿಯ ಬೆನ್ನು ನಿನ್ನ ಬೆರಳುಗಳ ಮೇಲೆ ಮೂರು ಸಲ ಇಳಿಯಿತು.

ನಿನ್ನ ಅವ್ವ ಬಂದು ಅಂಗಳದಲ್ಲಿ ಬಿದ್ದು ಬೇಡಿದಳು. "ಒಂದ್ ಬೆರಳಗಲ ರೇಸ್ಮೆ ಕೊಡ್ರವ್ವ. ಸುಟ್ಟು ಬೂದಿ ಇಕ್ತೀನಿ, ರಕ್ತ ನಿಲ್ತದೆ." ಅತ್ತಿಗೆ ಬಾಗಿಲು ಹಾಕಿಕೊಂಡಳು. ನಾನು ಒಳಗೆ ಹೋಗಿ ಟ್ರಂಕು ತೆರೆದೆ. ಎಂ.ಎ. ಮುಗಿಸಿದಾಗ ಅಪ್ಪ ಕೊಡಿಸಿದ್ದ ಹಸಿರು ರೇಷ್ಮೆ ಸೀರೆ ಮೇಲೆಯೇ ಇತ್ತು. ಕತ್ತರಿಯನ್ನೂ ತೆಗೆದೆ. ಸೆರಗು ಕೆಡುತ್ತದೆ ಅನಿಸಿತು. ಮುಚ್ಚಿದೆ.

ಹೋದ ಭಾನುವಾರ ಅಣ್ಣನ ಮನೆಗೆ ಹೋದೆ. ಅವನು ಈಗಲೂ ಹುಳು ಸಾಕುತ್ತಾನೆ. ಆಳುಗಳೆಲ್ಲ ಇದ್ದಾಗಲೇ ಹೇಳಿದೆ, ಕೊಂದವಳು ನಾನು ಎಂದು. ಅವನು ಬೆಚ್ಚಲಿಲ್ಲ. "ಅದೆಲ್ಲ ನಂಗೊತ್ತು ಕಣೇ. ಮುಂದಿನ್ ವರ್ಸವೇ ಸೊಪ್ಪು ನೋಡಕ್ ಬಂದೋನು ಬದುವಿನ್ ಸಾಲು ಇಸ ಅಂತ ಯೋಳ್ದ, ಕಿತ್ತಾಕ್ದೆ. ಅದ್ಕೇನೀಗ? ಆ ಕಾಡ್ನೋಳ ಕಾಲಿಡಿಯಕ್ ಓಗ್ಲಾ?" ಎಂದ.

ಹತ್ತು ವರ್ಷ ಅವನಿಗೂ ಗೊತ್ತಿತ್ತು. ಸಾಲು ಕಿತ್ತ. ನಿನಗೆ ಒಂದು ಮಾತು ಹೇಳಿ ಕಳಿಸಲಿಲ್ಲ.

"ನೀನು ಹೋಗಬೇಡ, ನಾನು ಹೋಗುತ್ತೇನೆ" ಎಂದೆ. ಹಿತ್ತಾಳೆಯ ಚೊಂಬು ಬೀಸಿದ. ನನ್ನ ಹುಬ್ಬು ಸೀಳಿತು. ಒಬ್ಬರೂ ಏಳಲಿಲ್ಲ. ಅಂದು ನಾನು ಎದ್ದಿದ್ದೆನೇ? ಸೆರಗು ಒತ್ತಿಕೊಂಡು ಹುಣಸೂರಿನ ಬಸ್ಸು ಹಿಡಿದೆ. ಮನೆಗೆ ಬಂದು ಹಸಿರು ಸೀರೆಯ ಸೆರಗನ್ನು ಬೆರಳಗಲ ಕತ್ತರಿಸಿ ಸುಟ್ಟೆ. ಕೂದಲು ಸುಟ್ಟ ವಾಸನೆ. ಕರಿ ಬೂದಿಯನ್ನು ಗಾಯಕ್ಕೆ ಒತ್ತಿದೆ. ಉರಿಯಿತು, ರಕ್ತ ನಿಂತಿತು. ಮುತ್ತಿ ಸುಳ್ಳು ಹೇಳಿರಲಿಲ್ಲ.

ಆಮೇಲೆ ಕೂತು ಚೀಟಿಯ ಕೊನೆಯ ಸಾಲು ತುಂಬಿದೆ. ಬಳಕೆ: "ಒಂದ್ ಬೆರಳಗಲ ರೇಸ್ಮೆ ಕೊಡ್ರವ್ವ." ಮುತ್ತಿ, ೧೯೬೮. ಕೊಡಲಿಲ್ಲ.

ಸಿದ್ದೀ, ಈಗ ಬರುವ ಸಾಲನ್ನು ನಿನ್ನ ಅವ್ವನಿಗೆ ಮೂರು ಸಲ ಓದು, ಗಟ್ಟಿಯಾಗಿ. ಆ ಹುಳುಗಳನ್ನು ಕೊಂದದ್ದು ಚೆಲುವಮ್ಮ. ಕೇತಿಯ ಹಾಲಲ್ಲ, ಕೇತಿಯ ಕೈಯಲ್ಲ.

ಬರುವ ಸೋಮವಾರ ನಿಮ್ಮ ಕಡೆಗೆ ಹೋಗುವ ಕೋಟೆಯ ಬಸ್ಸಿಗೆ ಬಂದು ನಿಮ್ಮ ಹಾಡಿಯ ಮುಂದೆ ನಿಲ್ಲುತ್ತೇನೆ. ಎಲ್ಲರೆದುರು ಇದನ್ನೇ ಹೇಳುತ್ತೇನೆ. ನೀನು ಬೈದರೂ ಹೊಡೆದರೂ, ಮುಖ ತೋರಿಸದೆ ಒಳಗೇ ಕೂತರೂ ಸರಿ. ಕ್ಷಮಿಸು ಎಂದು ಕೇಳುವುದಿಲ್ಲ.

ನಿನ್ನ ಆ ಬಾಗಿದ ಕೈಯಿಂದಲೇ ಸೊಪ್ಪು ತಿಂದ ಹುಳುಗಳು ತಟ್ಟೆ ತುಂಬ ಗೂಡು ಕಟ್ಟಲಿ. ಅವು ಇನ್ನು ನಿನ್ನ ಕನಸು ಬಿಟ್ಟು ನನ್ನ ಕನಸಿಗೆ ಬರಲಿ.

ಹನ್ನೊಂದು ವರ್ಷ ಬಾಯಿ ಕಟ್ಟಿಕೊಂಡಿದ್ದ,
ಚೆಲುವಮ್ಮ