ಸೂಟಿ ಪಟ್ಟಿಯ ಏಳನೆಯ ಪುಸ್ತಕ

ನವಲಗುಂದ
೧೪ ಅಕ್ಟೋಬರ್ ೨೦೨೫, ಮಂಗಳವಾರ
ಮಧ್ಯಾಹ್ನ. ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಪ್ರಿಯ ಅಮೃತಾ,

ನಾನು ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆದು ಮುಂದೆ ಹೋಗುವುದು ರೂಢಿ. ಆ ಸಾಲನ್ನು ಮೂರು ಹಾಳೆಗಳಲ್ಲಿ ಬರೆದು ಮೂರನ್ನೂ ಹರಿದೆ. ಇದು ನಾಲ್ಕನೆಯ ಹಾಳೆ. ಒಂದು ವರ್ಷ ಏಳು ತಿಂಗಳು ನಿನಗೆ ಬರೆಯಲಿಲ್ಲ, ಫೋನೂ ಮಾಡಲಿಲ್ಲ. ತಡವಾಯಿತು ಎಂಬ ಮಾತು ಇಷ್ಟು ದಿನಗಳಿಗೆ ಸಾಲುವುದಿಲ್ಲ. ಬೇರೆ ಮಾತು ಸಿಗದಿದ್ದರಿಂದ ಅದನ್ನೇ ಬರೆದಿದ್ದೇನೆ. ಕ್ಷಮಿಸು ಎಂದು ಈಗಲೇ ಕೇಳುವುದಿಲ್ಲ. ಮೊದಲು ಇಲ್ಲಿಯ ಸುದ್ದಿ ಹೇಳಬೇಕು. ಗುರುವಾರಕ್ಕೆ ನಡುವೆ ಒಂದೇ ದಿನ ಉಳಿದಿದೆ, ಇದನ್ನು ನಿನಗಲ್ಲದೆ ಇನ್ನಾರಿಗೂ ಹೇಳುವ ಹಾಗಿಲ್ಲ.

ಅಂಗಡಿ ನೀನು ಕಂಡಂತೆಯೇ ಇದೆ. ನೋಟ್‌ಬುಕ್ಕು, ಗೈಡು, ಕಂಪಾಸು ಮುಂದೆ. ಹಿಂದಿನ ನಾಲ್ಕು ಕಪಾಟು ಕತೆ ಕಾದಂಬರಿ. ಮುಂದಿನವು ಹಿಂದಿನವನ್ನು ಸಾಕುತ್ತವೆ. ಕಂಡಕ್ಟರ್ ಕರಿಸಿದ್ದಪ್ಪ ಈಗಲೂ ಡ್ಯೂಟಿ ಮುಗಿಸಿ ಬರುತ್ತಾನೆ. ಹೋದ ವರ್ಷ ಕೊಟ್ಟ ಅನುವಾದದಲ್ಲಿ ಹೆಸರುಗಳು ಬಾಯಿಗೆ ಹತ್ತಲಿಲ್ಲವೆಂದು ಎಲ್ಲರಿಗೂ ಡಿಪೋದವರ ಹೆಸರಿಟ್ಟುಕೊಂಡು ಓದಿದನಂತೆ. "ಹಿಂಗಾಗಿ ನಮ್ಮ ಡ್ರೈವರ್ ಬೀರೇಶ ಎರಡ ಸಲ ಸತ್ತಾನ್ರಿ ಅಕ್ಕಾರ, ಅಂವಗ ಇನ್ನೂ ಹೇಳಿಲ್ಲ" ಅಂದ. ನಾನು ನಕ್ಕೆ. ನಕ್ಕದ್ದನ್ನು ಬರೆಯುವುದು ಯಾಕೆಂದರೆ ಈ ವರ್ಷದಲ್ಲಿ ಅದೊಂದೇ ನಗು ನೆನಪಿದೆ.

ಸೂಟಿಯ ಪಟ್ಟಿಯನ್ನು ನಾನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು. ಹನ್ನೆರಡು ವರ್ಷದ ಹಿಂದೆ ನಿನ್ನ ಮನೆಯ ಪಡಸಾಲೆಯಲ್ಲಿ ಕೂತು ಶುರುಮಾಡಿದ ಪಟ್ಟಿ. ದಸರಾ ಸೂಟಿಗೆ ಏಳು ಪುಸ್ತಕ, ಒಂದೊಂದಕ್ಕೆ ಮೂರು ಸಾಲು. ಮೊದಲ ಆರು ಕನ್ನಡದವು, ನಿನ್ನ ಆಯ್ಕೆ. ಏಳನೆಯದು ಅನುವಾದ, ನನ್ನದು. ಓದದ ಪುಸ್ತಕವನ್ನು ಪಟ್ಟಿಗೆ ಹಾಕಬಾರದೆಂಬ ನಿಯಮ ಮಾಡಿದವಳು ನೀನು. "ಓದಲಾರದ್ದನ್ನ ಚಲೋ ಅದ ಅಂತ ಮಾರಿದ್ರ ನಮಗೂ ಕಲಬೆರಕಿ ಎಣ್ಣಿ ಮಾರೂವರಿಗೂ ಏನ್ ಫರಕ ಶೈಲಾ" ಎಂದು ನನಗೆ ಅಂದಿದ್ದೆ. ಪಟ್ಟಿಯನ್ನು ಜನ ನಂಬುವುದು ಈ ಒಂದು ನಿಯಮದಿಂದ.

ಈ ವರ್ಷದ ಏಳರಲ್ಲಿ ನಾನು ಒಂದನ್ನೂ ಓದಿಲ್ಲ.

ಹೋದ ವರ್ಷ ನೀನಿಲ್ಲದೆ ಮಾಡಿದಾಗ ಐದು ಮೊದಲೇ ಓದಿದ್ದವು, ಎರಡು ಓದಿರಲಿಲ್ಲ. ಈ ವರ್ಷ ಏಳೂ ಹಾಗೆ. ಕಣ್ಣು ಸರಿಯಿದೆ, ಧಾರವಾಡದಲ್ಲಿ ತೋರಿಸಿದ್ದೇನೆ. ಲೆಕ್ಕದ ಪುಸ್ತಕ, ಪೇಪರು, ಔಷಧಿಯ ಚೀಟಿ ಓದುತ್ತೇನೆ. ಕಾದಂಬರಿ ತೆಗೆದರೆ ಎರಡನೆಯ ಪುಟಕ್ಕೆ ಬರುವ ಮೊದಲೇ ಅದರ ಬಗ್ಗೆ ಹೇಳಬೇಕಾದ ಮೂರು ಸಾಲು ತಲೆಯಲ್ಲಿ ತಯಾರಾಗುತ್ತವೆ. ನನ್ನದೇ ದನಿಯಲ್ಲಿ, ಅಚ್ಚುಕಟ್ಟಾಗಿ. ಆಮೇಲೆ ಪುಸ್ತಕದ ಮಾತು ಕೇಳಿಸುವುದಿಲ್ಲ, ಆ ಮೂರು ಸಾಲು ಮಾತ್ರ ಕೇಳಿಸುತ್ತವೆ. ನಾನು ಮುಚ್ಚಿಡುತ್ತೇನೆ. ಪೆನ್ಸಿಲು ಹಿಡಿದು, ವಾಕ್ಯ ಎಡವಿದಲ್ಲಿ ಗುರುತು ಹಾಕಿ, ಅನುವಾದಕರಿಗೆ ಕಾರ್ಡು ಬರೆಯುತ್ತಿದ್ದವಳು ಈಗ ಹಿಂಬದಿಯ ರಕ್ಷಾಪುಟ ನೋಡಿ ಪಟ್ಟಿ ಮಾಡುತ್ತಿದ್ದೇನೆ.

ಏಳನೆಯದರ ಹೆಸರು 'ಉಪ್ಪು ಒಣಗಿಸುವವರು'. ದೂರದ ಯಾವುದೋ ಕಡಲ ದಂಡೆಯ ಒಂದು ಮನೆತನ, ಉಪ್ಪಿನ ಮಡಿಗಳು, ನಾಲ್ಕು ಕಾಲ. ಹಿಂಬದಿಯಲ್ಲಿ ಶ್ರಮ, ಪ್ರೀತಿ, ನಗು ಎಂದು ಬರೆದಿತ್ತು. ನಾನು ಬರೆದ ಮೂರು ಸಾಲು ಹೀಗಿವೆ: ಉಪ್ಪು ಮಾಡುವ ಒಂದು ಮನೆಯ ಕಥೆ. ಅನುವಾದ ಎಲ್ಲೂ ಎಡವುವುದಿಲ್ಲ. ಮನೆಮಂದಿಯೆಲ್ಲ ಕೂತು ಓದಿಸಿಕೊಂಡು ಕೇಳಬಹುದು.

ಎರಡನೆಯ ಸಾಲನ್ನು ಬರೆಯುವಾಗಲೂ ನನ್ನ ಕೈ ನಿಲ್ಲಲಿಲ್ಲ.

ಗೌಸಬಿ ನಿನಗೆ ನೆನಪಿರಬೇಕು, ಜಮಖಾನ ನೇಯುವವರು. ಅವರ ಮನೆಯಲ್ಲಿ ಮಗ್ಗದ ಮುಂದೆ ಐದಾರು ಹೆಂಗಸರು ಕೂಡುತ್ತಾರೆ. ಕೈ ಬಿಡುವಿದ್ದವರು ಓದುತ್ತಾರೆ, ಉಳಿದವರು ನೇಯುತ್ತ ಕೇಳುತ್ತಾರೆ. ಕಸುಬು ಪರರ ಮನೆಗೆ ಹೋಗುತ್ತದೆಂದು ಮಗಳಿಗೆ ಕಲಿಸದ ನೇಯ್ಗೆಯನ್ನು ಸೊಸೆಗೆ ಕಲಿಸುವ ಮನೆ ಅದು. ಆ ಸೊಸೆ ರೂಬಿನಾ ಪಿಯುಸಿವರೆಗೆ ಕನ್ನಡದಲ್ಲೇ ಓದಿದವಳು, ಇಪ್ಪತ್ತಾರು ವರ್ಷ. ಫೆಬ್ರುವರಿಯಲ್ಲಿ ಅವಳ ಮೂರು ವರ್ಷದ ಮಗ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡ. ಅಂದಿನಿಂದ ಅವಳು ಮಗ್ಗ ಮುಟ್ಟಿಲ್ಲ, ಮಾತೂ ಹೆಚ್ಚಿಲ್ಲ. ಸೂಟಿ ಶುರುವಾದ ವಾರ ಗೌಸಬಿ ಪಟ್ಟಿ ಹಿಡಿದುಕೊಂಡು ಬಂದರು.

"ಅಳಸೂ ಪುಸ್ತಕ ಬ್ಯಾಡ್ರಿ ಅಕ್ಕಾರ. ಹುಡುಗಿ ಬಾಯಿ ಬಿಟ್ಟು ಎಂಟ ತಿಂಗಳಾತು. ಓದಾಕ ಹಚ್ಚತೀನಿ. ಮೊದಲ ಮಂದಿ ಮಾತ ಓದಲಿ, ತನ್ನ ಮಾತ ಆಮ್ಯಾಲ ಬರ್ತಾವ."

ನಾನು ಏಳನೆಯದನ್ನು ಕೈಗೆ ಕೊಟ್ಟೆ. ಅವರು ತಿರುವಿ ತಿರುವಿ ನೋಡಿದರು. ಅಕ್ಷರ ಬರುವುದಿಲ್ಲ ಅವರಿಗೆ.

"ಇದರಾಗ ಯಾರೂ ಸಾಯೂದಿಲ್ಲಲ್ರೀ?"

"ಇಲ್ರಿ" ಅಂದೆ.

ಅಮೃತಾ, ಒಂದು ಕ್ಷಣವೂ ತಡೆಯದೆ ಅಂದೆ.

ಹೋದ ಶನಿವಾರ ಮಧ್ಯಾಹ್ನ ರೂಬಿನಾ ಒಬ್ಬಳೇ ಬಂದಳು. ಪುಸ್ತಕವನ್ನು ಓಢಣಿಯಲ್ಲಿ ಸುತ್ತಿಕೊಂಡಿದ್ದಳು. ನೂರಾ ಹತ್ತೊಂಬತ್ತನೆಯ ಪುಟದಲ್ಲಿ ಆ ಮನೆಯ ಚಿಕ್ಕ ಹುಡುಗ ಉಪ್ಪುನೀರಿನ ಮಡಿಯಲ್ಲಿ ಬಿದ್ದು ಸಾಯುತ್ತಾನಂತೆ. ಅದನ್ನು ಅವಳು ಐದು ಜನರ ಮುಂದೆ ಗಟ್ಟಿಯಾಗಿ ಓದಿದ್ದಾಳೆ. ನಾನು ಬೈಗುಳ ಕೇಳಲು ಸಿದ್ಧಳಾಗಿ ಎದ್ದು ನಿಂತೆ. ಅವಳು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

ನಡುವೆ ನಿಲ್ಲಿಸಲು ಆಗಲಿಲ್ಲವಂತೆ. ಎಲ್ಲರ ಕೈ ನಿಂತಿದ್ದವಂತೆ, ಆ ಪುಟ ಮುಗಿಸಿಯೇ ಮುಚ್ಚಿದಳಂತೆ. ಬಾಜು ಮನೆಯ ಫಾತಿಮಾಬಿ ಸಿಟ್ಟಿಗೆದ್ದು, ಇದನ್ನು ಬರೆದವನಿಗೆ ಮಕ್ಕಳಿರಲಿಕ್ಕಿಲ್ಲ ಅಂದರಂತೆ. ಇಲ್ಲದವನಿಗೆ ಹೀಗೆ ಬರೆಯಲು ಬರುವುದಿಲ್ಲ, ಇದ್ದಾರೆ, ಎಂದು ಇವಳು ತಿರುಗಿ ಹೇಳಿದಳಂತೆ. ಎಂಟು ತಿಂಗಳಲ್ಲಿ ಅವಳು ಒಬ್ಬರಿಗೆ ಎದುರಾಡಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ನೋಡದೆ ಹೇಳಿದ ಮಾತನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ.

"ಮಗ ಸತ್ತ ದಿನಾನೂ ಆ ತಾಯಿ ಮಳಿ ಬರ್ತದಂತ ಉಪ್ಪಿನ ರಾಶಿ ಮುಚ್ಚಾಕ ಹೋಗ್ತಾಳ್ರಿ. ನಾನೂ ಅವತ್ತ ಎದ್ದು ಒಲಿ ಮ್ಯಾಲಿನ ಹಾಲ ಇಳಿಸಿದ್ನಿ. ಉಕ್ಕತಾವಂತ. ಅದನ್ನ ಇಲ್ಲೀತನಕ ಯಾರಿಗೂ ಹೇಳಿಲ್ಲ. ನಂದೇನ್ ಎದಿನೋ ಕಲ್ಲೋ ಅಂತ ನನಗ."

ಸಮಾಧಾನ ಹೇಳಲು ನನಗೇನು ಹಕ್ಕು? ಆ ಉಪ್ಪಿನ ರಾಶಿಯನ್ನು ನಾನು ನೋಡಿಯೇ ಇರಲಿಲ್ಲ.

"ನೀವು ಪೂರಾ ಓದೀರಲ್ರೀ ಅಕ್ಕಾರ. ಮುಂದ ಅಕಿ ಏನಾಗ್ತಾಳ? ಬದುಕ್ತಾಳೇನು?"

"ಬದುಕ್ತಾಳ."

"ಹೆಂಗ?"

ಅದನ್ನು ನೀನೇ ಓದಬೇಕು ಅಂದೆ. ಅಂಗಡಿಯಲ್ಲಿ ಇಷ್ಟು ವರ್ಷ ನೂರು ಗಿರಾಕಿಗಳಿಗೆ ಹೇಳಿದ ಮಾತು, ತಾನಾಗಿ ಬಂತು. ಅವಳು ತಲೆಯಾಡಿಸಿ ಎದ್ದಳು. ಪುಟ ತಿರುವಲು ಧೈರ್ಯ ಬಂದಿರಲಿಲ್ಲ, ಈಗ ಬಂದಿದೆ ಅಂದಳು. ಹೋಗುವಾಗ ಪುಸ್ತಕವನ್ನು ಓಢಣಿಯಲ್ಲಿ ಸುತ್ತಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೋದಳು.

ಅವಳು ತಿರುವು ದಾಟುವವರೆಗೆ ನೋಡಿ, ಅಂಗಡಿಯಲ್ಲಿ ಉಳಿದಿದ್ದ ಒಂದು ಪ್ರತಿಯನ್ನು ತೆಗೆದು ಕೊನೆಯ ಪುಟ ನೋಡಿದೆ. ಕೊನೆಯ ಪುಟದಲ್ಲಿ ತಂದೆ ಇದ್ದಾನೆ, ಹಿರಿಯ ಮಗಳಿದ್ದಾಳೆ, ಹೇರು ಹೊತ್ತ ಕತ್ತೆ ಇದೆ. ತಾಯಿ ಇಲ್ಲ. ಸತ್ತಳೆಂದೂ ಬರೆದಿಲ್ಲ, ಇದ್ದಾಳೆಂದೂ ಬರೆದಿಲ್ಲ. ಅದರ ಹಿಂದಿನ ಪುಟದಲ್ಲೂ ಇಲ್ಲ.

ನಿನ್ನೆ ಗೌಸಬಿ ಬಂದರು. ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಸೊಸೆ ರವಿವಾರ ತಾನಾಗಿ ಮಗ್ಗಕ್ಕೆ ಕೂತಳಂತೆ, ಒಂದು ಗೇಣು ನೇಯ್ದಳಂತೆ. ಆ ತಾಯಿ ಬದುಕುತ್ತಾಳೆ, ಅಕ್ಕಾರು ಹೇಳಿದ್ದಾರೆ ಎಂದು ಎಲ್ಲರಿಗೂ ಹೇಳಿದ್ದಾಳೆ. ಫಾತಿಮಾಬಿ ಮದುವೆಗೆ ಹೋದವರು ಬುಧವಾರ ಬರುತ್ತಾರೆ. ಅವರೂ ಇರಲಿ, ಗುರುವಾರದಿಂದ ಮುಂದೆ ಓದುತ್ತೇನೆ ಅಂದಿದ್ದಾಳೆ. ಪುಸ್ತಕದಲ್ಲಿ ಹುಡುಗ ಸತ್ತದ್ದರ ಬಗ್ಗೆ ಗೌಸಬಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೇಕೆಂದೇ ಕೊಟ್ಟಿದ್ದೇನೆ ಎಂದು ತಿಳಿದಿದ್ದಾರೆ. "ನಿಮಗ ಗೊತ್ತಿತ್ತು ನೋಡ್ರಿ, ಅಕಿಗೇನ ಬೇಕಂತ" ಅಂದರು. ರೊಟ್ಟಿಯ ಗಂಟು ಬಿಚ್ಚಲು ಇನ್ನೂ ಆಗಿಲ್ಲ.

ಈ ಮೂರು ದಿನದಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ನೂರಾ ಇಪ್ಪತ್ತನೆಯ ಪುಟವನ್ನು ಹದಿನಾಲ್ಕು ಸಲ ತೆಗೆದೆ. ನಾಲ್ಕನೆಯ ವಾಕ್ಯ ದಾಟಲಾಗಲಿಲ್ಲ. ಬೆರಳಿಟ್ಟು ಓದಿದೆ, ಗಟ್ಟಿಯಾಗಿ ಓದಿದೆ. ತುಟಿ ಓದುತ್ತದೆ, ಒಳಗೆ ಏನೂ ನಿಲ್ಲುವುದಿಲ್ಲ. ಕರಿಸಿದ್ದಪ್ಪನಿಗೆ ಫೋನು ಮಾಡಿ, ಏಳನೆಯದನ್ನು ಮುಗಿಸಿದೆಯಾ ಎಂದು ಕೇಳಿದೆ. ಇನ್ನೂ ಮೂವತ್ತನೆಯ ಪುಟದಲ್ಲಿದ್ದಾನೆ. ಯಾಕೆ ಅವಸರ ಎಂದು ಕೇಳಿದ, ಏನೋ ಹೇಳಿದೆ. ಪ್ರಕಾಶಕರ ನಂಬರು ಒತ್ತಿ, ರಿಂಗಾಗುವ ಮೊದಲೇ ಇಟ್ಟೆ. ನಾನೇ ಮಾರಿದ ಪುಸ್ತಕದಲ್ಲಿ ಏನಿದೆ ಎಂದು ಯಾವ ಬಾಯಿಂದ ಕೇಳಲಿ? ಇವತ್ತು ಬೆಳಿಗ್ಗೆ ಬ್ಲೇಡು ತೆಗೆದುಕೊಂಡು, ಅಂಗಡಿಯ ಪ್ರತಿಯ ಹೊಲಿಗೆಯ ಹತ್ತಿರ ಇಟ್ಟೆ. ಆ ಪುಟದಿಂದ ಮುಂದಿನದನ್ನೆಲ್ಲ ಕತ್ತರಿಸಿ ತೋರಿಸಿ, ಎಲ್ಲ ಪ್ರತಿಗಳ ಬೈಂಡಿಂಗ್ ತಪ್ಪಾಗಿದೆ, ನಿನ್ನ ಪ್ರತಿ ಕೊಡು, ಮುಂದಿನ ಕಥೆ ನಾನೇ ಬಾಯಲ್ಲಿ ಹೇಳುತ್ತೇನೆ ಎಂದು ರೂಬಿನಾಗೆ ಹೇಳುವುದೆಂದುಕೊಂಡಿದ್ದೆ. ನನ್ನ ಕಥೆಯಲ್ಲಿ ತಾಯಿ ಬದುಕುತ್ತಾಳೆ. ಹೇಗೆ ಎಂದು ಅವಳು ಕೇಳುತ್ತಾಳೆ, ಆ ಪ್ರಶ್ನೆಗೆ ನನ್ನ ಹತ್ತಿರ ಮತ್ತೆ ಮೂರು ಸಾಲೇ ಇರುತ್ತವೆ. ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ.

ಪುಸ್ತಕದಲ್ಲಿ ತಾಯಿ ಸಾಯುವುದಾದರೆ ಗುರುವಾರ ರೂಬಿನಾ ಅದನ್ನು ಐದು ಜನರ ಮುಂದೆ, ತನ್ನ ದನಿಯಲ್ಲಿ ಓದಬೇಕು. ನನ್ನ ಮಾತು ನಂಬಿಕೊಂಡು ಓದುತ್ತಾಳೆ. ಆಮೇಲೆ ಅವಳು ಮತ್ತೆ ಯಾರ ಮಾತನ್ನು ನಂಬಬೇಕು? ಇದೊಂದೇ ಪ್ರಶ್ನೆ ಶನಿವಾರದಿಂದ ನನ್ನ ಕುತ್ತಿಗೆಯ ಮೇಲೆ ಕೂತಿದೆ.

ಆದ್ದರಿಂದ ಹೀಗೆ ಮಾಡುವುದೆಂದು ನಿಶ್ಚಯಿಸಿದ್ದೇನೆ. ಗುರುವಾರ ಹತ್ತು ಗಂಟೆಗೆ, ಅವಳು ಪುಸ್ತಕ ತೆಗೆಯುವ ಮೊದಲು, ಗೌಸಬಿಯ ಮನೆಗೆ ಹೋಗುತ್ತೇನೆ. ನಾನು ಇದನ್ನು ಓದಿಲ್ಲ, ಆ ತಾಯಿ ಏನಾಗುತ್ತಾಳೋ ನನಗೆ ಗೊತ್ತಿಲ್ಲ, ಸುಳ್ಳು ಹೇಳಿದೆ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಹೊರಗೆ ಹಾಕಿದರೆ ಎದ್ದು ಬರುತ್ತೇನೆ. ಹಾಕದಿದ್ದರೆ ಅವಳ ಬಾಜು ಕೂತು, ಅವಳು ಓದಿದ್ದನ್ನು ಕೇಳುತ್ತೇನೆ. ಅವಳ ದನಿ ನಿಂತರೆ ಪುಸ್ತಕ ಇಸಿದುಕೊಂಡು ನಾನು ಓದುತ್ತೇನೆ, ಒಳಗೆ ನಿಂತರೂ ಸರಿ, ನಿಲ್ಲದಿದ್ದರೂ ಸರಿ. ಪಟ್ಟಿಯನ್ನು ಅಂಗಡಿಯ ಬಾಗಿಲಿನಿಂದ ಆಗಲೇ ಕಿತ್ತಿದ್ದೇನೆ.

ನಿನ್ನ ಅತ್ತೆ ಶಿವಗಂಗವ್ವನವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಯಜಮಾನ ಈರಪ್ಪನವರಿಗೂ. ನಿನ್ನ ಶಾಲೆಯ ಮಕ್ಕಳು ಚೆನ್ನಾಗಿರಲಿ. ನಿನಗೆ ನಿದ್ದೆ ಬರಲಿ, ಊಟ ರುಚಿಸಲಿ. ಇದಕ್ಕಿಂತ ದೊಡ್ಡದನ್ನು ಹಾರೈಸಲು ನನಗೆ ಬಾಯಿಲ್ಲ.

ನಿನ್ನ
ಶೈಲಶ್ರೀ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು:

ಹೋದ ವರ್ಷ ಮಾರ್ಚ್‌ನಲ್ಲಿ ನಿನ್ನ ಗಂಗಾ ತೀರಿಕೊಂಡ ದಿನ ಈರಪ್ಪನವರು ಫೋನು ಮಾಡಿದರು. ಸಂಜೆ ಮತ್ತೆ ಮಾಡಿ ಯಾಕೆ ಬರಲಿಲ್ಲ ಎಂದು ಕೇಳಿದಾಗ, ಜ್ವರ, ಏಳಲಾಗಲಿಲ್ಲ ಅಂದೆ. ಜ್ವರ ಇರಲಿಲ್ಲ. ನಾನು ಬಂದಿದ್ದೆ. ಸಂಶಿಯಲ್ಲಿ ಬಸ್ಸಿಳಿದು ನಿನ್ನ ಮನೆಯ ಬಾಗಿಲವರೆಗೆ ಬಂದೆ. ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದೆ. ಒಳಗಿಂದ ನಿನ್ನ ದನಿ ಕೇಳಿಸಿತು. "ಶೈಲಾ ಬಂದ್ಲೇನ್ ನೋಡ್ರಿ" ಅಂದೆ ನೀನು. ಹತ್ತೊಂಬತ್ತು ವರ್ಷದ ಮಗಳನ್ನು ಮುಂದಿಟ್ಟುಕೊಂಡು ನೀನು ನನ್ನನ್ನು ಕೇಳುತ್ತಿದ್ದೆ. ಒಳಗೆ ಬಂದು ನಿನಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಬಿಟ್ಟ ಚಪ್ಪಲಿಯನ್ನು ಮೆಟ್ಟಿಕೊಂಡು ತಿರುಗಿದೆ. ಹನ್ನೊಂದನೆಯ ದಿನ ನಿನಗೆ ಅಂಚೆಯಲ್ಲಿ ಒಂದು ಕಾದಂಬರಿ ಕಳಿಸಿದೆ, ಒಳಗೆ ಅಂಗಡಿಯ ಚೀಟಿ. ಅದರ ಮೂರು ಸಾಲು ನನಗೆ ಬಾಯಿಪಾಠ ಇವೆ: ದುಃಖವನ್ನು ದಾಟಿದವರ ಕಥೆ. ನಿಧಾನವಾಗಿ ಓದಬೇಕು. ಕೊನೆಯ ಅಧ್ಯಾಯ ಸಮಾಧಾನ ಕೊಡುತ್ತದೆ.

ಈ ಪತ್ರ ಶುಕ್ರವಾರ ನಿನಗೆ ಮುಟ್ಟಬೇಕು. ರವಿವಾರ ಹತ್ತೊಂಬತ್ತಕ್ಕೆ ಬೆಳಗಿನ ಮೊದಲ ಬಸ್ಸಿಗೆ ಹೊರಟು ಹುಬ್ಬಳ್ಳಿಯ ಮೇಲೆ ಸಂಶಿಗೆ ಬರುತ್ತೇನೆ. ಬರಲೇ ಎಂದು ಕೇಳುತ್ತಿಲ್ಲ, ಕೇಳಿದರೆ ಬೇಡ ಎನ್ನುವ ಕೆಲಸವನ್ನೂ ನಿನ್ನ ಮೇಲೆ ಹೊರಿಸಿದಂತಾಗುತ್ತದೆ. ಪುಸ್ತಕ ತರುವುದಿಲ್ಲ. ನೀನು ಬಾಗಿಲು ತೆಗೆಯದಿದ್ದರೆ ಸಂಜೆಯ ಬಸ್ಸಿನ ತನಕ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.