ಒಗ್ಗರಣೆ ಹಾಕದ ಸೂಪು

ಘಾಟ್ಕೋಪರ್,
ಮಾರ್ಚ್ ೧೩, ಗುರುವಾರ

ನನ್ನ ವಿಭಾ ಮರಿಗೆ ಅಮ್ಮನ ನೂರು ಮುದ್ದು,

ಫೋನ್ ಇದ್ದೂ ಅಮ್ಮ ಕಾಗದ ಬರೆಯಲು ಕೂತಳಲ್ಲ ಎಂದು ಹುಬ್ಬೇರಿಸಬೇಡ. ನಮ್ಮ ಮನೆ ನಿನಗೆ ಗೊತ್ತೇ ಇದೆ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಹಾಲ್‌ನಲ್ಲಿರುವ ಮಂಚಕ್ಕೆ ಕೇಳುತ್ತದೆ. ಅಪ್ಪನಿಗೆ ಮಾತು ಹೋಗಿದೆಯೇ ಹೊರತು ಕಿವಿ ಮೊದಲಿಗಿಂತ ಚುರುಕಾಗಿದೆ. ಮೂಗಿಗೆ ಟ್ಯೂಬ್ ಹಾಕಿಸಿಬಿಡು ಅಮ್ಮಾ, ಇಟ್ಸ್ ಸೇಫ್ ಎಂದು ನೀನು ಭಾನುವಾರ ಹೇಳಿದಾಗ ನಾನು ಸ್ಪೀಕರ್ ಹಾಕಿದ್ದೆ. ಗೋಡೆಯ ಕಡೆ ತಿರುಗಿದವರು ಸಂಜೆಯವರೆಗೆ ಈ ಕಡೆ ಮುಖ ಮಾಡಲಿಲ್ಲ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ನೀನು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಅದೂ ಒಳ್ಳೆಯದೇ, ಅಷ್ಟು ಹೊತ್ತಾದರೂ ನನ್ನ ಜೊತೆ ಇರುತ್ತೀಯ.

ಮೊದಲು ಒಳ್ಳೆಯ ಸುದ್ದಿ. ಇವತ್ತು ಸೂಪಿನ ಬಟ್ಟಲು ತಳ ಕಾಣುವ ಹಾಗೆ ಖಾಲಿಯಾಯಿತು. ಸೋಮವಾರ ತೂಕ ನೋಡುತ್ತೇವೆ, ಇನ್ನೂ ಇಳಿದಿದ್ದರೆ ಟ್ಯೂಬೇ ಗತಿ ಎಂದು ಡಾಕ್ಟರು ಹೇಳಿದ್ದಾರಲ್ಲ. ಅಷ್ಟರೊಳಗೆ ನಾನು ತಿನ್ನಿಸಿ ತೋರಿಸುತ್ತೇನೆ ಎಂದು ನಿನ್ನ ಹತ್ತಿರ ಜಂಬ ಕೊಚ್ಚಿದ್ದೆ. ನೀನು ಬ್ಯಾಂಕಿನ ಕೆಲಸ ನೋಡಿಕೋ. ಮಾರ್ಚ್ ಎಂಡ್‌ನಲ್ಲಿ ರಜೆ ಕೇಳಿ ನಾಗಪುರದ ಮ್ಯಾನೇಜರ್ ಕೈಲಿ ಅನ್ನಿಸಿಕೊಳ್ಳಬೇಡ.

ಈ ಸ್ಟ್ರೋಕ್ ಬಂದಮೇಲೆ ನಾನು ಕಲಿತದ್ದೆಲ್ಲ ತಲೆಕೆಳಗಾಯಿತು. ನಮ್ಮಲ್ಲಿ ಹಾಸಿಗೆ ಹಿಡಿದವರಿಗೆ ಏನು ಕೊಡುತ್ತೇವೆ ಹೇಳು? ಗಂಜಿ ತಿಳಿ, ಸಾರಿನ ತಿಳಿ, ನೀರು ಮಜ್ಜಿಗೆ, ಎಳನೀರು. ನುಂಗುವುದನ್ನು ಅಭ್ಯಾಸ ಮಾಡಿಸಲು ಬರುತ್ತಾಳಲ್ಲ ತನುಶ್ರೀ, ಅವಳು ಇವೇ ಎಲ್ಲಕ್ಕಿಂತ ಅಪಾಯ ಎಂದುಬಿಟ್ಟಳು. ತೆಳ್ಳಗಿರುವುದು ಗಂಟಲಲ್ಲಿ ನಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದಂತೆ. ಕಾಕೂ, ಪಾತಳ್ ಕಾಹೀ ನಕೋ, ತೆಳ್ಳಗಿನದು ಏನೂ ಬೇಡ ಎಂದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗಲೂ ಹೇಳಿ ಹೋಗುತ್ತಾಳೆ. ಹೇಳಿದ್ದು ಯಾರಿಗೆ? ಲೋಟದಲ್ಲಿ ಸಾರು ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದವರ ಹೆಂಡತಿಗೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ತಟ್ಟೆಯ ಮುಂದೆ ಕೂತಾಗಲೆಲ್ಲ ಹೇಳುತ್ತಿದ್ದರು ನಿಮ್ಮಪ್ಪ. ಎರಡನ್ನೂ ಬಲ್ಲವರೇ. ಎರಡೂ ಒಂದೇ ಬೆಳಿಗ್ಗೆ ಹೋದವು.

ದಪ್ಪಗಿರಬೇಕು, ನುಣ್ಣಗಿರಬೇಕು, ಹೊಟ್ಟೆಗೂ ಆಗಬೇಕು ಎಂದು ತನುಶ್ರೀಯೇ ಈ ಸೂಪು ಹೇಳಿಕೊಟ್ಟಳು. ಎಳೆ ಬಟಾಣಿ, ಕ್ಯಾರೆಟ್, ಸ್ಪ್ರಿಂಗ್ ಆನಿಯನ್, ಒಂದು ಆಲೂಗಡ್ಡೆ. ಅವಳು ಆಸ್ಪರಾಗಸ್ ಎಂದೂ ಹೇಳಿದ್ದಳು. ಸ್ಟೇಷನ್ ಹತ್ತಿರದ ಭಾಜಿವಾಲಿಯನ್ನು ಕೇಳಿದರೆ, ಅದು ತರಕಾರಿಯೋ ಔಷಧಿಯೋ ಎಂದು ನನ್ನನ್ನೇ ಕೇಳಿದಳು. ಬೀನ್ಸ್ ಹಾಕಿದೆ. ಎಲ್ಲವನ್ನೂ ಬೆಣ್ಣೆಯಲ್ಲಿ ಬಾಡಿಸಿ, ಕುಕ್ಕರಿನಲ್ಲಿ ಬೇಯಿಸಿ, ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಉಜ್ಜಿ ಉಜ್ಜಿ ಸೋಸಿ, ಹಾಲು, ಕ್ರೀಮ್ ಬೆರೆಸಿ ಕುದಿಸುವುದು. ಕೊನೆಗೆ ದೋಸೆಹಿಟ್ಟಿನ ಹದಕ್ಕೆ ಬರಬೇಕು. ಬಣ್ಣ ಚೆನ್ನಾಗಿಯೇ ಬಂತು. ಮಂಗಳವಾರ ಮೊದಲ ಸಲ ಮಾಡಿದೆ. ಅಪ್ಪ ಮಂಚದಿಂದಲೇ ಕತ್ತು ಚಾಚಿ ನೋಡುತ್ತಿದ್ದರು.

ಆಮೇಲೆ ಏನಾಯಿತೆಂದು ನಿನಗೆ ಫೋನಿನಲ್ಲಿ ಹೇಳಲಿಲ್ಲ. ಅಷ್ಟೆಲ್ಲ ಸೋಸಿದವಳು, ಬಟ್ಟಲಿಗೆ ಬಗ್ಗಿಸುವ ಮುಂಚೆ ಅದಕ್ಕೆ ಒಗ್ಗರಣೆ ಕೊಟ್ಟುಬಿಟ್ಟೆ. ಯೋಚನೆ ಮಾಡಿ ಕೊಟ್ಟದ್ದಲ್ಲ ಕಣೆ. ಕೈ ತಾನಾಗಿ ಸೌಟು ಇಟ್ಟಿತು, ತುಪ್ಪ ಹಾಕಿತು, ಸಾಸಿವೆ ಸಿಡಿಸಿತು. ಇಷ್ಟು ವರ್ಷ ಒಲೆಯಿಂದ ಇಳಿಸಿದ ಯಾವುದನ್ನು ನಾನು ಒಗ್ಗರಣೆ ಇಲ್ಲದೆ ಬಡಿಸಿದ್ದೇನೆ? ಅವರೂ ಆ ಘಮಕ್ಕೇ ಬಾಯಿ ತೆರೆದರು. ಎರಡನೇ ಚಮಚಕ್ಕೆ ಸಾಸಿವೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮು ಹತ್ತಿ ಮುಖ ನೀಲಿಯಾಯಿತು, ಕಣ್ಣು ಮೇಲಾಯಿತು. ನಾನು ಬಾಗಿಲು ತೆಗೆದು ಕೂಗಿಕೊಂಡೆ. ಎದುರುಮನೆಯ ಮನೀಶ್ ಭಾಯಿ ಓಡಿಬಂದು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದರು, ಉಸಿರು ತಿರುಗಿತು. ಸಾಸಿವೆ ಕಾಳು ನನ್ನ ಅಂಗೈಗೆ ಬಿತ್ತು.

ತನುಶ್ರೀ ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದಳು, ಡಾಕ್ಟರಿಗೂ ಫೋನ್ ಮಾಡಿದಳು. ಜ್ವರ ಬರಲಿಲ್ಲ, ಗಾಬರಿಪಡಬೇಡ. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಹೋತಾ ಹೈ ಕಾಕೂ, ಹೀಗಾಗುತ್ತದೆ ಬಿಡಿ ಎಂದು ಭುಜ ತಟ್ಟಿ ಹೋದಳು.

ಅವತ್ತಿನಿಂದ ಅವರಿಗೆ ಬಾಯಿ ತೆರೆಯಲು ಹೆದರಿಕೆ, ನನಗೆ ಚಮಚ ಎತ್ತಲು ಹೆದರಿಕೆ. ನಿನ್ನೆ ಇಡೀ ದಿನ ಬಟ್ಟಲು ಹಿಡಿದು ಕೂತೆ, ಬಿಸಿ ಮಾಡಿದೆ, ಮತ್ತೆ ಕೂತೆ. ಮಗುವಾಗಿದ್ದಾಗ ನಿನಗೆ ಕಾಗಕ್ಕ ಗುಬ್ಬಕ್ಕ ತೋರಿಸಿ ತಿನ್ನಿಸಿದ್ದೆ. ಇವರಿಗೆ ಏನು ತೋರಿಸಲಿ? ಟ್ಯೂಬ್ ಎಂದರೆ ಎಡಗೈ ಎತ್ತಿ ಬೇಡ ಎನ್ನುತ್ತಾರೆ. ಹಾಗಾದರೆ ತಿನ್ನಿ ಎಂದರೆ ತುಟಿ ಬಿಗಿಯುತ್ತಾರೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿದೆ ನನ್ನ ಗತಿ. ನನಗೆ ಭಯವಾಗುತ್ತಿದೆ ವಿಭಾ. ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ಇವತ್ತು ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು ಎಲ್ಲ ಸಿಡಿಸಿ, ಸೂಪಿಗೆ ಹಾಕದೆ ಆ ಸೌಟನ್ನು ಹಾಗೇ ಅವರ ಮೂಗಿನ ಹತ್ತಿರ ಹಿಡಿದೆ. ಕಣ್ಣು ಮುಚ್ಚಿ ಬಹಳ ಹೊತ್ತು ಘಮ ಎಳೆದುಕೊಂಡರು. ಮೀಸೆ ಅಲುಗಿತು. ಸೌಟನ್ನು ಪಕ್ಕಕ್ಕಿಟ್ಟು ಸೂಪಿನ ಬಟ್ಟಲು ತೆಗೆದುಕೊಂಡೆ. ಆಗಲೇ ಹೇಳಿದೆನಲ್ಲ, ಖಾಲಿಯಾಯಿತು. ಹೀಗೇ ನಡೆದರೆ ಸೋಮವಾರದ ಹೊತ್ತಿಗೆ ದಾರಿಗೆ ಬರುತ್ತಾರೆ.

ಕೆಳಗೆ ಮಕ್ಕಳು ಹೋಳಿ ಹಬ್ಬಕ್ಕೆ ಕಟ್ಟಿಗೆ ಒಟ್ಟುತ್ತಿದ್ದಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಬ್ಯಾಂಕ್ ಎದುರಿನ ವಡಾಪಾವೇ ಊಟ ಎಂದುಕೊಳ್ಳಬೇಡ.

ಹೊಟ್ಟೆ ತುಂಬಾ ಉಂಡೆ ಎಂದು ನೀನು ಬರೆಯುವುದನ್ನೇ ಕಾಯುವ
ನಿನ್ನ ಅಮ್ಮ
ಸುಮಿತ್ರಾ

ತಾ.ಕ.: ಫೋಟೊ ತೆಗೆಯುವ ಮುಂಚೆ ಒಮ್ಮೆ ಓದಿಕೊಂಡೆ. ಬಟ್ಟಲು ಖಾಲಿಯಾದದ್ದು ನಿಜ, ಅಪ್ಪ ತಿಂದರು ಎಂದು ನಾನು ಎಲ್ಲಿಯೂ ಬರೆದಿಲ್ಲ. ಮೊದಲ ಚಮಚ ಎತ್ತಿದಾಗ ಅವರು ಅದನ್ನು ಎಡಗೈಯಲ್ಲಿ ಕಸಿದುಕೊಂಡು ನನ್ನ ಬಾಯಿಗೆ ಹಿಡಿದರು. ನಾನು ತಿಂದರೆ ಅವರೂ ತಿನ್ನುತ್ತಾರೆಂದು ತಿಂದೆ. ಮತ್ತೆ ನನಗೇ ಹಿಡಿದರು. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು, ಆದರೂ ಬಟ್ಟಲು ಮುಗಿಯುವವರೆಗೆ ಬಿಡಲಿಲ್ಲ. ಮಂಗಳವಾರದಿಂದ ನಾನು ನೆಟ್ಟಗೆ ಉಂಡಿಲ್ಲ ಎಂಬುದನ್ನು ಮಂಚದಲ್ಲೇ ನೋಡಿಕೊಂಡಿದ್ದರು. ನನಗೆ ಹಸಿವಾಗಿತ್ತು ವಿಭಾ. ಸೂಪು ರುಚಿಯಾಗಿಯೂ ಇತ್ತು. ರಜೆ ಕೊಡದಿದ್ದರೂ ಹೊರಟು ಬಾ. ಸೋಮವಾರ ಡಾಕ್ಟರು ಟ್ಯೂಬ್ ಹಾಕೋಣವೇ ಎಂದು ಕೇಳಿದಾಗ ಅಪ್ಪನ ಮುಖ ನೋಡಿಕೊಂಡು ಹೂಂ ಎನ್ನುವುದೋ ಬೇಡ ಎನ್ನುವುದೋ, ನೀನೇ ಹೇಳು. ನನ್ನ ಬಾಯಲ್ಲಿ ಎರಡೂ ಬರುವುದಿಲ್ಲ.